ಆಲೆಮನೆಯ ನೊಣದ ಹೊಟ್ಟೆಯಲ್ಲಿ

ಮಂಡ್ಯದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವ ನಾನು ರಜೆಯ ದಿನಗಳಲ್ಲಿ ನೊಣ ಹಿಡಿಯುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಅಯ್ಯೋ ಪಾಪ ಅನ್ನುತ್ತಾರೆ. ಎರಡೂ ನನಗೆ ಅಭ್ಯಾಸವಾಗಿದೆ. ನಲವತ್ತು ಹತ್ತಿರವಾದಾಗ ಪಿಎಚ್‌ಡಿಗೆ ಸೇರಿದವಳು ನಾನು. ವಾರಿಗೆಯವರೆಲ್ಲ ಮನೆ ಕಟ್ಟಿಸಿ ಗೃಹಪ್ರವೇಶದ ಊಟಕ್ಕೆ ಕರೆಯುತ್ತಿದ್ದ ಕಾಲದಲ್ಲಿ ನಾನು ಪ್ಲಾಸ್ಟಿಕ್ ಡಬ್ಬಿಯ ತುಂಬ ನೊಣ ಹಿಡಿದುಕೊಂಡು ಮದ್ದೂರಿನ ಬಸ್ಸಿನಿಂದ ಇಳಿಯುತ್ತಿದ್ದೆ. ಪಕ್ಕದಲ್ಲಿ ಕೂತವರು ಡಬ್ಬಿಯಲ್ಲೇನು ಎಂದು ಕೇಳಿದರೆ ನಿಜವನ್ನೇ ಹೇಳುತ್ತಿದ್ದೆ. ಅವರು ಎದ್ದು ಹಿಂದಿನ ಸೀಟಿಗೆ ಹೋಗುತ್ತಿದ್ದರು.

ಆ ನೊಣಗಳು ಆಲೆಮನೆಯವು. ಕಬ್ಬು ಅರೆದು ಬೆಲ್ಲ ಕಾಯಿಸುವ ಕಡೆಯೆಲ್ಲ ಅವು ಇರುತ್ತವೆ. ಮೈ ಹಸಿರಾಗಿ ಹೊಳೆಯುವ, ಕಣ್ಣು ಕೆಂಪಗಿರುವ ದಪ್ಪ ನೊಣ. ಅದರ ಕರುಳನ್ನು ಸೂಜಿಯಿಂದ ಬಿಡಿಸಿ, ಒಂದು ಹನಿ ನೀರಿನಲ್ಲಿ ಹರಡಿ ಮೈಕ್ರೋಸ್ಕೋಪಿನ ಕೆಳಗಿಟ್ಟರೆ, ಕೆಲವು ನೊಣಗಳಲ್ಲಿ ಒಂದು ಜೀವ ಸಿಗುತ್ತದೆ. ಒಂದೇ ಜೀವಕೋಶದ ಜೀವ. ಅಕ್ಕಿಕಾಳಿನ ಆಕಾರ, ತುದಿಯಲ್ಲಿ ಒಂದು ಚಾಟಿ, ಆ ಚಾಟಿ ಬೀಸಿಕೊಂಡೇ ಅದರ ಓಡಾಟ. ಇಂಥವು ಲೋಕದಲ್ಲಿ ಬೇಕಾದಷ್ಟಿವೆ. ಆದರೆ ನಾನು ಹುಡುಕುತ್ತಿದ್ದ ಜಾತಿಯ ಒಳಗೆ ಇನ್ನೊಂದು ಜೀವ ವಾಸವಾಗಿರುತ್ತದೆ. ಅದು ಬ್ಯಾಕ್ಟೀರಿಯಾ. ಹಿಂಡಲ್ಲ, ಜೋಡಿಯೂ ಅಲ್ಲ, ಒಂದೇ ಒಂದು.

ಅದನ್ನು ಮೊದಲ ಸಲ ಕಂಡದ್ದು ಮೈಸೂರಿನಲ್ಲಿ, ನನ್ನ ಮಾರ್ಗದರ್ಶಕರ ಲ್ಯಾಬಿನಲ್ಲಿ, ಒಂದು ಮಧ್ಯಾಹ್ನ. ಬಣ್ಣ ಹಾಕಿದ ಸ್ಲೈಡನ್ನು ಇಟ್ಟು, ಪರದೆ ಎಳೆದು, ಕಣ್ಣು ಕೊಟ್ಟೆ. ಕಪ್ಪು ನೆಲದಲ್ಲಿ ಒಂದೊಂದು ಕೋಶದೊಳಗೂ ಮೂರು ನೀಲಿ ಬೆಳಕು. ದೊಡ್ಡದು ಅದರ ನ್ಯೂಕ್ಲಿಯಸ್. ಚಾಟಿಯ ಬುಡದಲ್ಲಿರುವ ಚಿಕ್ಕದೂ ಅದರದೇ. ಮೂರನೆಯದು, ಕೊಂಚ ಉದ್ದಗಿರುವುದು, ಅದರದಲ್ಲ, ಆ ಅತಿಥಿಯದು. ಸ್ಲೈಡನ್ನು ಆ ತುದಿಯಿಂದ ಈ ತುದಿಗೆ ಸರಿಸಿದೆ. ಅತಿಥಿ ಇಲ್ಲದ ಮನೆ ಒಂದೂ ಕಾಣಲಿಲ್ಲ. ಇಬ್ಬರಿರುವ ಮನೆ ಅಲ್ಲೊಂದು ಇಲ್ಲೊಂದು ಕಂಡಿತು, ಆದರೆ ಅವೆಲ್ಲ ಎರಡಾಗಲು ಹೊರಟ ಮನೆಗಳು. ಕೋಶ ಎರಡಾಗುವ ಮೊದಲು ಒಳಗಿನದು ಎರಡಾಗುತ್ತದೆ, ಆಮೇಲೆ ಆ ಮಗಳು ಕೋಶಕ್ಕೊಂದು ಈ ಮಗಳು ಕೋಶಕ್ಕೊಂದು. ಎಣಿಕೆ ತಪ್ಪುವುದಿಲ್ಲ. ಕೋಟ್ಯಂತರ ವರ್ಷಗಳಿಂದ ಹೀಗೇ ನಡೆದುಬಂದಿದೆ. ನಮ್ಮ ಮನೆಯಲ್ಲಿ ಚಮಚಗಳ ಎಣಿಕೆ ಒಂದು ತಿಂಗಳು ಸರಿಯಾಗಿ ನಿಲ್ಲುವುದಿಲ್ಲ. ನಾನು ಕಣ್ಣು ತೆಗೆದಾಗ ಕುತ್ತಿಗೆ ಹಿಡಿದುಕೊಂಡಿತ್ತು, ಗಂಟೆ ಕಳೆದದ್ದೇ ತಿಳಿದಿರಲಿಲ್ಲ.

ಈ ಎಣಿಕೆ ಇಡುವವರು ಯಾರು, ಮನೆಯೋ ಅತಿಥಿಯೋ? ನನ್ನ ಪಿಎಚ್‌ಡಿ ಎಂದರೆ ಇಷ್ಟೇ ಪ್ರಶ್ನೆ. ದೂರದೇಶದ ದೊಡ್ಡ ಲ್ಯಾಬುಗಳವರು ಇದೇ ಬಳಗದ ಜೀವದಲ್ಲಿ ಉತ್ತರ ಹುಡುಕುತ್ತಿದ್ದರು. ಅವರು ಕಂಡದ್ದು ನಮ್ಮ ಆಲೆಮನೆಯ ನೊಣದಲ್ಲೂ ಸರಿಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಆ ಬ್ಯಾಕ್ಟೀರಿಯಾ ಒಳಗೆ ಬಂದ ಮೇಲೆ ತನ್ನ ಸಾಮಾನು ಎಷ್ಟೋ ಕಳೆದುಕೊಂಡಿದೆ. ತಾನಾಗಿ ಎರಡಾಗಲು ಬೇಕಾದ ಹತಾರಗಳೂ ಪೂರ್ತಿ ಉಳಿದಿಲ್ಲ. ಹೊರಗೆ ಬಿಟ್ಟರೆ ಬದುಕುವುದಿಲ್ಲ. ಅದು ಮನೆಗೆ ಬೇಕಾದ ಆಹಾರದ ಅಂಶಗಳನ್ನು ಮಾಡಿಕೊಡುತ್ತದೆ. ಮನೆ ಅದಕ್ಕೆ ಏನೇನು ಮಾಡಿಕೊಡುತ್ತದೆ ಎಂಬುದನ್ನು ತಿಳಿಯಲು, ಮನೆಯ ಜೀನ್‌ಗಳನ್ನು ಒಂದೊಂದಾಗಿ ಮೌನಗೊಳಿಸಿ ನೋಡಬೇಕು.

ಇದನ್ನು ನಾನು ಅಪ್ಪನಿಗೆ ವಿವರಿಸಿದ್ದು ಒಂದು ಭಾನುವಾರ ಅವರೆಕಾಯಿ ಸುಲಿಯುತ್ತ. ಅಪ್ಪ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಮಳವಳ್ಳಿ ತಾಲ್ಲೂಕಿನಲ್ಲೇ ಹುಟ್ಟಿ, ಅಲ್ಲೇ ಡ್ಯೂಟಿ ಮುಗಿಸಿ, ಅಮ್ಮ ಹೋದ ಮೇಲೆ ಮಂಡ್ಯಕ್ಕೆ ನನ್ನ ಮನೆಗೆ ಬಂದ. ಬಂದ ದಿನವೇ ನನ್ನ ಮನೆಯ ಸ್ವಿಚ್ ಬೋರ್ಡುಗಳನ್ನೆಲ್ಲ ಬಿಚ್ಚಿ ನೋಡಿ, ಕೆಲಸ ಮಾಡಿದವನಿಗೆ ಬೈದ. ಅವನಿಗೆ ನಾನು ಹೇಳಿದೆ: ಜೀನ್ ಎಂದರೆ ನ್ಯೂಕ್ಲಿಯಸ್ಸಿನಲ್ಲಿ ಬರೆದಿಟ್ಟ ಒಂದು ಅಪ್ಪಣೆ. ಅಪ್ಪಣೆ ಇದ್ದಲ್ಲೇ ಇರುತ್ತದೆ. ಅದರ ನಕಲು ಚೀಟಿಗಳು ಹೊರಗೆ ಬಂದು ಕೆಲಸ ಮಾಡಿಸುತ್ತವೆ. ಆ ಚೀಟಿಗಳು ಒಂಟಿ ಎಳೆಯವು. ಜೋಡಿ ಎಳೆಯ ಚೀಟಿ ಕಂಡರೆ ಕೋಶ ಅದನ್ನು ಹೊರಗಿನ ಶತ್ರುವಿನದು ಎಂದು ತಿಳಿದು ಚೂರು ಮಾಡುತ್ತದೆ. ಅಷ್ಟಕ್ಕೇ ಬಿಡದೆ, ಅದೇ ಬರಹವಿರುವ ಚೀಟಿ ಎಲ್ಲೆಲ್ಲಿದ್ದರೂ ಹುಡುಕಿ ಹರಿದುಹಾಕುತ್ತದೆ. ನಾವು ಬೇಕೆಂದೇ ಅಂಥ ಜೋಡಿ ಚೀಟಿ ಹುಟ್ಟುವಂತೆ ಮಾಡುತ್ತೇವೆ. ಜೀನ್ ಹಾಳಾಗುವುದಿಲ್ಲ, ಅದರ ಮಾತು ಮಾತ್ರ ಯಾರಿಗೂ ಮುಟ್ಟುವುದಿಲ್ಲ. ಆಗ ಕೋಶದಲ್ಲಿ ಏನು ಕೆಡುತ್ತದೆ ಎಂದು ನೋಡಿದರೆ, ಆ ಜೀನಿನ ಕೆಲಸ ಏನೆಂದು ಗೊತ್ತಾಗುತ್ತದೆ.

ತರಗತಿಯಲ್ಲಿ ಇದನ್ನು ಎರಡು ದಿನ ಹೇಳಿದರೂ ಮುಖ ಮುಖ ನೋಡುವವರೇ ಹೆಚ್ಚು. ಅಪ್ಪ ಅವರೆಕಾಳು ಬಟ್ಟಲಿಗೆ ಹಾಕಿ, "ಅಂದ್ರೆ ಫ್ಯೂಸ್ ಕಿತ್ತು ನೋಡೋದು ಅನ್ನು" ಅಂದ.

"ಯಾವ ಫ್ಯೂಸು?"

"ಟೀಸಿ ತಾವ ಅಷ್ಟೊಂದು ವೈರಿರ್ತವೆ. ಯಾವುದು ಯಾವ ಬೀದಿಗೆ ಓಗದೆ ಅಂತ ಗೊತ್ತಿಲ್ದೆ ಓದ್ರೆ ಏನ್ ಮಾಡ್ತೀಯ? ಒಂದ್ ಫ್ಯೂಸ್ ಕೀಳೋದು, ಯಾವ ಬೀದಿಯೋರು ಬೈಕಂಡು ಬತ್ತಾರೆ ಅಂತ ನೋಡೋದು. ಅಷ್ಟೇ ಕಣವ್ವ ನಿನ್ ಪಿಎಚ್‌ಡಿ."

ಟ್ರಾನ್ಸ್‌ಫಾರ್ಮರ್ ಮುಂದೆ ನಿಂತ ಲೈನ್‌ಮನ್‌ನ ಈ ಉಪಾಯವನ್ನು ಆಮೇಲೆ ನಾನು ಪಾಠದಲ್ಲೂ ಹೇಳತೊಡಗಿದೆ. ಅಪ್ಪನ ಹೆಸರು ಹೇಳಲಿಲ್ಲ. ಅಲ್ಲಿಂದ ಮುಂದೆ ಅವನಿಗೆ ನನ್ನ ಕೆಲಸದಲ್ಲಿ ಪಾಲುದಾರನ ಠೀವಿ ಬಂತು. ಲ್ಯಾಬಿಗೆ ಬರುವುದು, ಕೂರುವುದು, ಪ್ಲಗ್ಗುಗಳು ಬಿಸಿಯಾಗಿವೆಯೇ ಎಂದು ಮುಟ್ಟಿ ನೋಡುವುದು. ಅಟೆಂಡರ್ ಹುದ್ದೆ ಖಾಲಿ ಬಿದ್ದಿದ್ದ ನಮ್ಮ ವಿಭಾಗಕ್ಕೆ ಅವನು ಸಂಬಳವಿಲ್ಲದ ಅಟೆಂಡರ್ ಆದ.

ಕೆಟ್ಟದ್ದು ಆಯುಧಪೂಜೆಯ ದಿನ.

ಪವರ್ ಹೌಸಿನವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಮಿಷಿನ್ ನಿಲ್ಲಿಸಿ, ಒರೆಸಿ, ಅರಿಶಿನ ಕುಂಕುಮ ಇಟ್ಟು, ಹೂವು ಹಾಕಿ, ಬೂದುಗುಂಬಳ ಒಡೆದು, ಅದರ ಮುಂದೆ ಕೈಮುಗಿಯುವುದನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೇನೆ. ವರ್ಷವಿಡೀ ನಮಗಾಗಿ ದುಡಿದದ್ದಕ್ಕೆ ಆ ಒಂದು ದಿನ ಬಿಡುವು. ಅಪ್ಪ ಅದೇ ಭಕ್ತಿಯಿಂದ ನಮ್ಮ ಲ್ಯಾಬಿಗೂ ಪೂಜೆ ಮಾಡಿದ. ಮೈಕ್ರೋಸ್ಕೋಪುಗಳಿಗೆ ಕುಂಕುಮ, ತಕ್ಕಡಿಗೆ ಕುಂಕುಮ, ಪ್ರಾಜೆಕ್ಟಿನಲ್ಲಿ ತರಿಸಿದ ಡೀಪ್ ಫ್ರೀಜರಿಗೆ ಸೇವಂತಿಗೆ ಹಾರ. ನಾನು ಆಚೆ ಕೋಣೆಯಲ್ಲಿ ಪುರಿ ಬೆಲ್ಲ ಹಂಚುತ್ತಿದ್ದೆ. ಮುಗಿಸಿಕೊಂಡು ಬಾಗಿಲು ಹಾಕಿ ಬಂದೆವು. ಕಾಲೇಜಿಗೆ ನಾಲ್ಕು ದಿನ ರಜೆ.

ರಜೆಯಲ್ಲಿ ನೋಡಿಕೊಳ್ಳುವವರಿಲ್ಲ ಎಂದು, ಹೊರಗೆ ಬೆಳೆಸುತ್ತಿದ್ದ ಬಾಟಲಿಗಳನ್ನೆಲ್ಲ ನಿಲ್ಲಿಸಿ, ನನ್ನ ಜೀವಗಳನ್ನು ಸಣ್ಣ ಸಣ್ಣ ನಳಿಕೆಗಳಲ್ಲಿ ಹಾಕಿ ಆ ಫ್ರೀಜರಿನಲ್ಲೇ ಹೆಪ್ಪುಗಟ್ಟಿಸಿ ಇಟ್ಟಿದ್ದೆ. ಹಾಗೆ ಇಟ್ಟರೆ ವರ್ಷಗಟ್ಟಲೆ ಬದುಕಿರುತ್ತವೆ. ಮೈಸೂರಿನಲ್ಲಿ ಒಂದು ಜೊತೆ ಇಡಿ ಎಂದು ಮಾರ್ಗದರ್ಶಕರು ಎಷ್ಟೋ ಸಲ ಹೇಳಿದ್ದರು. ಮುಂದಿನ ಸಲ ತರುತ್ತೇನೆ ಸಾರ್ ಎಂದು ನಾನೂ ಅಷ್ಟೇ ಸಲ ಹೇಳಿದ್ದೆ.

ಐದನೆಯ ದಿನ ಬಾಗಿಲು ತೆಗೆದಾಗ ಫ್ರೀಜರಿನ ಕೆಳಗೆ ನೀರು ನಿಂತಿತ್ತು. ಹಾರ ಬಾಡಿ ಅಲ್ಲೇ ಇತ್ತು. ಪ್ಲಗ್ಗು ಗೋಡೆಯಿಂದ ಕಳಚಿ, ವೈರನ್ನು ಒಪ್ಪವಾಗಿ ಸುತ್ತಿ ಫ್ರೀಜರಿನ ಮೇಲೆ ಇಡಲಾಗಿತ್ತು. ಹಾಗೆ ವೈರು ಸುತ್ತುವವನು ನಮ್ಮ ಮನೆಯಲ್ಲಿ ಒಬ್ಬನೇ. ನಳಿಕೆಗಳೆಲ್ಲ ಬೆಚ್ಚಗಿದ್ದವು. ಒಂದೊಂದನ್ನೂ ತೆಗೆದು ನೋಡಿದೆ. ಒಂದೂ ಚಾಟಿ ಬೀಸಲಿಲ್ಲ.

ಮನೆಗೆ ಹೋಗಿ ಹೇಳಿದಾಗ ಅಪ್ಪ ಕೈಯಲ್ಲಿದ್ದ ಪೇಪರ್ ಮಡಚಿ ಕೆಳಗಿಟ್ಟ. ಆಮೇಲೆ, "ಇಂದುಗಡೆ ಧೂಳು ಒರೆಸಕ್ಕೆ ತೆಗ್ದೆ. ಪೂಜೆ ಆಗೋಗಂಟ ಇರ್ಲಿ ಅಂತ ಬುಟ್ಟೆ. ವಾಪಸ್ ಆಕಬೇಕು ಅಂತಿದ್ದೆ" ಅಂದ.

"ನಿನ್ನ ಪೂಜೆ ನನ್ನ ಆರು ವರ್ಷ ತಿಂದುಹಾಕ್ತು" ಅಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಇನ್ನೊಂದು ಸಲ ನನ್ನ ಲ್ಯಾಬಿನ ಹೊಸಿಲು ತುಳೀಬೇಡ. ಕೈಲಾಗದೋರು ಮನೇಲಿರ್ಬೇಕು" ಅಂದೆ. ಸಿಟ್ಟು ಬಂದಾಗ ನನ್ನ ನಾಲಿಗೆಗೆ ಮೂಳೆಯಿರುವುದಿಲ್ಲ. ಅವನ ಮಗಳೇ ನಾನು.

ಕರೆಂಟಿನ ಕೆಲಸದವರಲ್ಲಿ ಎಲ್‌ಸಿ ಎಂದು ಒಂದು ಪದ್ಧತಿಯಿದೆ, ಲೈನ್ ಕ್ಲಿಯರ್. ಕೆಲಸಕ್ಕೆಂದು ಲೈನ್ ಆಫ್ ಮಾಡಿಸಿಕೊಂಡವನು, ಕೆಲಸ ಮುಗಿದ ಮೇಲೆ ತಾನೇ ಬಂದು ಎಲ್‌ಸಿ ವಾಪಸ್ ಕೊಡಬೇಕು. ಅವನು ಕೊಡದೆ ಬೇರೆ ಯಾರೂ ಆನ್ ಮಾಡುವಂತಿಲ್ಲ. ಮರೆತರೆ ಊರಿಗೆ ಊರೇ ಕತ್ತಲೆ, ಅವಸರ ಮಾಡಿದರೆ ಕಂಬದ ಮೇಲಿರುವವನ ಜೀವ. ಅಪ್ಪ ತನ್ನ ಸರ್ವೀಸಿನಲ್ಲಿ ಒಂದು ಸಲವೂ ಅದನ್ನು ಮರೆತವನಲ್ಲ, ಅದೇ ಅವನ ಹೆಮ್ಮೆ. ಆ ವಾರ ಅವನು ಪೇಪರ್ ಓದಲಿಲ್ಲ, ವಾಕಿಂಗ್ ಹೋಗಲಿಲ್ಲ, ಫ್ಯಾನು ಹಾಕುವಾಗಲೂ ಹಾಕಲೇ ಎಂದು ನನ್ನನ್ನು ಕೇಳಿದ. ಅದು ನನಗೆ ಚೆನ್ನಾಗಿ ನಾಟಿತು. ಆದರೂ ತಪ್ಪಾಯ್ತು ಎನ್ನಲು ನನಗೆ ಬಾಯಿ ಬರಲಿಲ್ಲ.

ಪಿಎಚ್‌ಡಿ ಮುಗಿಸಲು ನನಗಿದ್ದ ಕಡೆಯ ಗಡುವು ಮುಂದಿನ ಜೂನ್. ಇನ್ನು ವಿಸ್ತರಣೆ ಇಲ್ಲ. ಆ ಜೀವ ಮತ್ತೆ ಸಿಕ್ಕದಿದ್ದರೆ ಎಲ್ಲ ಕಟ್ಟಿ ಅಟ್ಟಕ್ಕೆ ಹಾಕುವುದೊಂದೇ ದಾರಿ. ಸಿಕ್ಕರೆ, ಬೆಳೆಸಿ, ಮೌನಗೊಳಿಸಿ, ನೋಡಿ, ಬರೆಯಲು ಕಷ್ಟಪಟ್ಟರೆ ಸಾಲುವಷ್ಟು ಸಮಯವಿತ್ತು. ಅದು ಮೊದಲು ಸಿಕ್ಕಿದ್ದು ನಿಡಘಟ್ಟದ ಆಚೆ ಒಳದಾರಿಯಲ್ಲಿರುವ ಒಂದು ಆಲೆಮನೆಯಲ್ಲಿ. ಅದನ್ನು ನಡೆಸುವಾಕೆ ಐವತ್ತು ದಾಟಿದ ಗಟ್ಟಿ ಹೆಂಗಸು. ಗಂಡ ಗದ್ದೆ ನೋಡಿಕೊಂಡರೆ, ಗಾಣ, ಕೊಪ್ಪರಿಗೆ, ಆಳುಗಳು ಎಲ್ಲ ಆಕೆಯದು. ಫೋನ್ ಮಾಡಿ, ಕಾಲೇಜಿನಿಂದ ನೊಣದ ವಿಷಯಕ್ಕೆ ಬರುತ್ತೇನೆ, ಗುರುವಾರ, ಎಂದೆ. "ಬನ್ನಿ ಮೇಡಮ್ಮೋರೆ, ಎಲ್ಲಾ ರೆಡಿ ಮಾಡ್ಸಿರ್ತೀನಿ" ಅಂದಳು.

ಗುರುವಾರ ನಾನು ಹೊರಟಾಗ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. "ಲ್ಯಾಬಿಗೆ ಬರಾಕಿಲ್ಲ. ಆಲೆಮನೆಗೆ ಬರ್ಬೌದಲ್ಲ" ಅಂದ. ನಾನು ಆಗಲಿ ಅಂದೆ. ಬಸ್ಸಿನಲ್ಲಿ ಮದ್ದೂರು ದಾಟುವವರೆಗೆ ಇಬ್ಬರೂ ಕಿಟಕಿಯಾಚೆ ನೋಡಿಕೊಂಡೇ ಕೂತಿದ್ದೆವು.

ಆಲೆಮನೆ ಗುರುತೇ ಸಿಗಲಿಲ್ಲ. ಮೊದಲು ಕಬ್ಬಿನ ಸಿಪ್ಪೆಯ ಗುಡ್ಡೆ ಇದ್ದಲ್ಲಿ ಗುಡಿಸಿ ನೀರು ಚಿಮುಕಿಸಿದ ಅಂಗಳ. ಕೊಪ್ಪರಿಗೆಯ ಸುತ್ತ ಹಸಿರು ಬಲೆ. ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳೆ ನೊರೆಯನ್ನು ತೆಗೆದು ಸುರಿಯುತ್ತಿದ್ದ ಗುಂಡಿಗೆ ಮಣ್ಣು ಮುಚ್ಚಿತ್ತು. ಎಲ್ಲೆಲ್ಲೂ ಫಿನಾಯಿಲ್ ವಾಸನೆ. ಆಳುಗಳು ತಲೆಗೆ ಟವೆಲ್ ಕಟ್ಟಿಕೊಂಡು ಸಾಲಾಗಿ ನಿಂತಿದ್ದರು. ಯಜಮಾನಿ ನನ್ನ ಬಿಳಿ ಕೋಟು, ಐಸ್ ಡಬ್ಬಿ ಎಲ್ಲ ನೋಡಿ, ಸೆರಗು ಸರಿಮಾಡಿಕೊಂಡಳು.

"ನೋಡ್ಕಳಿ ಕಣಮ್ಮ. ಒಂದೇ ಒಂದು ನೊಣ ತೋರ್ಸಿ. ಮೂರ್ ದಿನದಿಂದ ಇದೇ ಕೆಲ್ಸ ಮಾಡ್ಸಿವ್ನಿ. ಏನ್ ಬರ್ಕತೀರೋ ಬರ್ಕಳಿ."

ಆಕೆ ನನ್ನನ್ನು ಆಹಾರ ಇಲಾಖೆಯ ಇನ್‌ಸ್ಪೆಕ್ಟರ್ ಎಂದುಕೊಂಡಿದ್ದಳು. ಹಿಂದೆ ನಾನು ಬಂದು ಡಬ್ಬಿಯಲ್ಲಿ ನೊಣ ಹಿಡಿದುಕೊಂಡು ಹೋದಾಗಲೇ ಅನುಮಾನವಿತ್ತಂತೆ. ಸಾಕ್ಷಿಗೆ ತಗೊಂಡು ಹೋದಳು, ಇವತ್ತಲ್ಲ ನಾಳೆ ನೋಟೀಸು ಬರುತ್ತದೆ ಎಂದು ಕಾದಿದ್ದಳಂತೆ. ನನಗೆ ನಗು ಬರಬೇಕಿತ್ತು. ಬಂದದ್ದು ಅಳು. ಬೆಲ್ಲದ ಅಚ್ಚಿನ ಪಕ್ಕ ಕೂತುಬಿಟ್ಟೆ.

ಅಪ್ಪ ಮುಂದೆ ಬಂದ. "ತಾಯಿ, ನಮ್ ಉಡ್ಗಿ ಇನ್‌ಸ್ಪೆಕ್ಟ್ರಲ್ಲ, ಮೇಷ್ಟ್ರು. ಅವ್ಳಿಗೆ ನೊಣ ಬೇಕು."

"ಬೇಕಾ?"

"ಬೇಕು ಕಣವ್ವ. ಆ ನೊಣದ ಒಟ್ಟೇಲಿ ಒಂದು ಜೀವ ಅದೆ. ಆ ಜೀವದೊಳಗೆ ಇನ್ನೊಂದು ಜೀವ ಅದೆ. ಇವ್ಳು ಸಾಕಿದ್ಲು. ನಾನು ಕೊಂದಾಕ್ದೆ. ಈಗ ವಾಪಸ್ ಉಡುಕ್ಬೇಕು."

ಯಜಮಾನಿ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಆ ಸಣ್ ನೊಣದೊಳಗೆ ಒಂದು, ಅದ್ರೊಳಗೆ ಇನ್ನೊಂದಾ" ಎಂದು ತನ್ನಷ್ಟಕ್ಕೆ ಅಂದುಕೊಂಡಳು. ಆಮೇಲೆ ಆಳಿನ ಕಡೆ ತಿರುಗಿ, "ಲೇ, ಆ ಗುಂಡಿ ಮಣ್ ತೆಗೀರ್ಲಾ. ಇವತ್ತಿನ ಕೊಳೆ ಅಲ್ಲೇ ಸುರೀರಿ. ಕೊಪ್ಪರಿಗೆ ತಾವ ಬ್ಯಾಡ, ಅಲ್ಲಿಗೆ ಬರ್ಲಿ ನೊಣ" ಎಂದಳು. ನಮಗೆ ಎರಡು ಲೋಟ ಕಬ್ಬಿನ ಹಾಲು ಬಂತು.

ಅಂದಿನಿಂದ ಅಪ್ಪ ಬೆಳಗಿನ ಬಸ್ಸಿಗೆ ಹೋಗಿ ಸಂಜೆಗೆ ಬರತೊಡಗಿದ. ನನಗೆ ಕಾಲೇಜು ಬಿಡುವಂತಿರಲಿಲ್ಲ. ಬಲೆ ಬೀಸಿದರೆ ನೊಣದ ಹೊಟ್ಟೆ ಒಡೆಯುತ್ತದೆ ಎಂದು ಅವನು ಬಲೆಯನ್ನು ಮನೆಯಲ್ಲೇ ಬಿಟ್ಟ. ಗುಂಡಿಯ ಪಕ್ಕ ಗೋಣಿಚೀಲ ಹಾಸಿಕೊಂಡು ಕೂತು, ನೊಣ ಕೂರುವುದನ್ನು ಕಾದು, ಮೇಲಿನಿಂದ ನಿಧಾನವಾಗಿ ಗಾಜಿನ ನಳಿಕೆ ಇಳಿಸುತ್ತಿದ್ದ. ಮೀಟರ್ ಮುಳ್ಳು ನೋಡಿಕೊಂಡೇ ಪಾಳಿ ಕಳೆದವನಿಗೆ ಕಾಯುವುದು ಯಾವ ಲೆಕ್ಕ. ಸಂಜೆ ನಳಿಕೆಗಳನ್ನು ಕಾಲೇಜಿನ ಗೇಟಿನ ಹತ್ತಿರ ತಂದುಕೊಟ್ಟು, ಒಳಗೆ ಬಾರದೆ ಮನೆಗೆ ಹೋಗುತ್ತಿದ್ದ. ನಾನೂ ಬಾ ಅನ್ನಲಿಲ್ಲ. ಕರುಳು ಬಿಡಿಸುವುದು, ನೋಡುವುದು, ಇಲ್ಲ ಎಂದು ಬರೆಯುವುದು, ಇದೇ ನನ್ನ ಸಂಜೆಗಳಾದವು. ಕೆಲವು ನೊಣಗಳಲ್ಲಿ ಚಾಟಿ ಬೀಸುವವು ಸಿಕ್ಕವು, ಆದರೆ ಒಳಗೆ ಯಾರೂ ಇರಲಿಲ್ಲ. ಸಂಕ್ರಾಂತಿ ಬಂತು, ಹೋಯಿತು.

ಸಿಕ್ಕಿದ್ದು ಅದಾದ ಮೇಲೆ, ಒಂದು ಶನಿವಾರ. ಅಪ್ಪ ಹಿಂದಿನ ದಿನ ತಂದ ನೊಣಗಳಲ್ಲಿ ಕಡೆಯದು. ಬಾಟಲಿಯಲ್ಲಿ ಬೆಳೆಸಿ, ಮೈಸೂರಿಗೆ ಒಯ್ದು, ಬಣ್ಣ ಹಾಕಿ, ಪರದೆ ಎಳೆದೆ. ಮೂರು ಬೆಳಕು. ಪಕ್ಕದ್ದರಲ್ಲೂ ಮೂರು. ಅದರ ಪಕ್ಕದ್ದರಲ್ಲೂ. ನಾನು ಕುರ್ಚಿಯಿಂದ ಎದ್ದು ಕಾರಿಡಾರಿಗೆ ಬಂದು ಅಪ್ಪನಿಗೆ ಫೋನ್ ಮಾಡಿ, ಸಿಕ್ತು ಅಂದೆ. ಗಾಣ ತಿರುಗುವ ಸದ್ದಿನ ನಡುವೆ ಅವನು ಅದನ್ನು ಯಜಮಾನಿಗೆ ಕೂಗಿ ಹೇಳಿದ್ದು ಕೇಳಿಸಿತು. ಆಮೇಲೆ, "ಮೈಸೂರಲ್ಲೂ ಒಂದು ಜೊತೆ ಮಡುಗು" ಅಂದ. ಈ ಸಲ ಮಡಗಿದೆ.

ಜೋಡಿ ಚೀಟಿ ಹುಟ್ಟಿಸುವ ಡಿಎನ್ಎ ತುಣುಕನ್ನು ಕೋಶದೊಳಗೆ ಕಳಿಸಬೇಕು. ಕೋಶದ ಹೊರಪೊರೆ ಹಾಗೆಲ್ಲ ದಾರಿ ಬಿಡುವುದಿಲ್ಲ. ಅದಕ್ಕೆ ಕ್ಷಣಮಾತ್ರ ಕರೆಂಟು ಹಾಯಿಸುತ್ತಾರೆ. ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲು ತೆರೆದು, ತುಣುಕು ಒಳಗೆ ಹೋಗಿ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಆ ದಿನ ಅಪ್ಪನನ್ನು ನಾನೇ ಮೈಸೂರಿಗೆ ಕರೆದುಕೊಂಡು ಹೋದೆ. ರೈಲಿನಲ್ಲಿ ಅವನು ಇಸ್ತ್ರಿ ಮಾಡಿದ ಶರ್ಟಿನಲ್ಲಿ ನೆಟ್ಟಗೆ ಕೂತಿದ್ದ. ಲ್ಯಾಬಿನ ಬಾಗಿಲಲ್ಲಿ ನಿಂತ. ಒಳಗೆ ಬಾರಪ್ಪ ಎಂದು ನಾನು ಎರಡು ಸಲ ಕರೆಯಬೇಕಾಯಿತು.

ಯಂತ್ರ ಒಂದು ಸದ್ದು ಮಾಡಿ ಸುಮ್ಮನಾಯಿತು. "ಆಯ್ತಾ?" ಅಂದ ಅಪ್ಪ.

"ಆಯ್ತು."

"ಎಲ್ಲಾ ಬದುಕ್ತವಾ?"

"ಎಲ್ಲಾ ಇಲ್ಲ. ಕೆಲವು."

ಅಪ್ಪ ತನ್ನ ಅಂಗೈ ನೋಡಿಕೊಂಡ. ಅಲ್ಲಿ ಹಳೆಯ ಸುಟ್ಟ ಕಲೆಯೊಂದಿದೆ. "ಕರೆಂಟು ಬಾಗ್ಲು ತೆಗಿಯೋದ ನಾನು ಇವತ್ತೇ ಕಂಡಿದ್ದು. ನಾವು ಕಂಡಿರೋದೆಲ್ಲ ಮುಚ್ಚೋದ್ನೇ" ಅಂದ.

ಬದುಕಿದವನ್ನು ಆರಿಸಿ ಬೆಳೆಸಿದೆ. ನಾನು ಮೌನಗೊಳಿಸಿದ್ದು ಮನೆಯ ಜೀನ್, ಅತಿಥಿಯದಲ್ಲ. ಅದರಿಂದ ಹುಟ್ಟುವ ಪ್ರೋಟೀನು ಅತಿಥಿಯ ನಡುವಿಗೆ ಉಂಗುರದಂತೆ ಸುತ್ತಿಕೊಂಡು ಹಿಸುಕಿ ಎರಡಾಗಿಸುತ್ತದೆ ಎಂಬುದು ಊಹೆ. ಊಹೆ ಸರಿಯಾಗಿದ್ದರೆ, ಆ ಪ್ರೋಟೀನು ಇಲ್ಲದಾಗ ಅತಿಥಿ ಬೆಳೆಯುತ್ತದೆ, ಆದರೆ ಎರಡಾಗಲಾರದು. ನೋಡುವ ದಿನ ಅಪ್ಪ ಮತ್ತೆ ಬಂದಿದ್ದ. ಮೊದಲು ಏನೂ ಮಾಡದ ಕೋಶಗಳ ಸ್ಲೈಡ್ ಇಟ್ಟು ಅವನ ಕಣ್ಣಿಗೆ ಹೊಂದಿಸಿಕೊಟ್ಟೆ. ಅವನು ಕನ್ನಡಕ ತೆಗೆದು ಬಗ್ಗಿದ. ನಾನು ಏನೂ ವಿವರಿಸಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಬಗ್ಗಿದಲ್ಲಿಂದಲೇ, "ಮೂರ್ ಮೂರ್ ಅವೆ" ಅಂದ. ಇನ್ನೂ ಸ್ವಲ್ಪ ಹೊತ್ತಿಗೆ, "ಇಲ್ಲೊಂದ್ರ ಒಳಗೆ ಎಲ್ಲಾ ಎರಡೆರಡು ಆಯ್ತಾ ಅವೆ. ಬ್ಯಾರೆ ಮನೆ ಮಾಡ್ತಾವ್ರಾ?" ಅಂದ. ಹೌದು ಅಂದೆ.

ಆಮೇಲೆ ಎರಡನೆಯ ಸ್ಲೈಡ್. ಇದನ್ನು ಮೊದಲು ನಾನು ನೋಡಬೇಕಿತ್ತು, ನೋಡಿದೆ. ನ್ಯೂಕ್ಲಿಯಸ್ ಇದೆ, ಚಾಟಿಯ ಬುಡದ ಬೆಳಕು ಇದೆ. ಅತಿಥಿ ಮಾತ್ರ ಉದ್ದವಾಗಿ, ಇನ್ನೂ ಉದ್ದವಾಗಿ, ಒಳಗೆ ಜಾಗ ಸಾಲದೆ ನೂಲಿನ ಹಾಗೆ ಬಳಸಿಕೊಂಡು ಮಲಗಿದೆ. ಒಂದರಲ್ಲಲ್ಲ, ಕಂಡ ಕಂಡ ಕೋಶದಲ್ಲಿ. ಅದು ಬೆಳೆಯುವುದನ್ನು ನಿಲ್ಲಿಸಿರಲಿಲ್ಲ. ಎರಡಾಗಿಸಬೇಕಾದ ಕೈ ಬಾರದೆ ಕಾಯುತ್ತಿತ್ತು. ಅದೆಷ್ಟೋ ಕಾಲದ ಹಿಂದೆ ಹೊರಗಿನಿಂದ ಬಂದ ಒಂದು ಜೀವ ತನ್ನ ಹುಟ್ಟಿನ ಕೆಲಸವನ್ನೇ ಇನ್ನೊಂದು ಜೀವದ ಕೈಗೆ ಕೊಟ್ಟು ನಿಶ್ಚಿಂತೆಯಾಗಿದೆ, ಆ ಇನ್ನೊಂದು ಅದನ್ನು ಒಂದು ಸಲವೂ ಮರೆಯದೆ ಮಾಡಿಕೊಂಡು ಬಂದಿದೆ, ಮಾತಿಲ್ಲ, ಕರಾರಿಲ್ಲ, ನಿಡಘಟ್ಟದ ಪಕ್ಕದ ನೊಣದ ಹೊಟ್ಟೆಯಲ್ಲಿ. ಇದನ್ನು ಕಾಣಲು ನಾನು ಯಾವ ಪುಣ್ಯ ಮಾಡಿದ್ದೆನೋ ತಿಳಿಯದು. ನಾನು ದೇವರ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲುವವಳಲ್ಲ. ಆ ಮೈಕ್ರೋಸ್ಕೋಪಿನ ಮುಂದೆ ನಿಂತೆ.

ಅಪ್ಪನಿಗೆ ತೋರಿಸಿದೆ. ನೋಡಿದ ಅವನಿಗೆ ಖುಷಿಯೇನೂ ಆಗಲಿಲ್ಲ. "ಪಾಪ, ಎಷ್ಟು ಎಳ್ಕಂಡವೆ" ಅಂದ. ಕಣ್ಣು ಒರೆಸಿಕೊಂಡು ಮತ್ತೆ ಬಗ್ಗಿದ.

ಏಪ್ರಿಲ್, ಮೇ ಪೂರ್ತಿ ಬರೆದೆ. ಬಿಸಿಲು ಇಳಿದ ಮೇಲೆ ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಇಂಗ್ಲಿಷಿನಲ್ಲಿ ಬರೆದದ್ದನ್ನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ನೊಣ ಎಲ್ಲಿ ಹಿಡಿದದ್ದು, ಹೇಗೆ ಹಿಡಿದದ್ದು ಎಂಬ ಭಾಗ ಬಂದಾಗ ಅವನು ಎರಡು ಕಡೆ ತಿದ್ದಿದ. ಅದರ ಮುಂದಿನ ವಾಕ್ಯವನ್ನು ನಾನು ಒಂದೇ ಉಸಿರಿನಲ್ಲಿ ಓದಿ ಮುಗಿಸಲು ನೋಡಿದೆ: ಮೊದಲು ಪಡೆದ ತಳಿಯು ವಿದ್ಯುತ್ ಪೂರೈಕೆ ನಿಂತುಹೋದ ಕಾರಣ ನಾಶವಾದ್ದರಿಂದ, ಅದೇ ಸ್ಥಳದಿಂದ ಎರಡನೆಯ ಬಾರಿ ಪಡೆಯಲಾಯಿತು.

"ನಿಲ್ಸು" ಅಂದ ಅಪ್ಪ. "ಆವತ್ತು ಸಪ್ಲೈ ಓಗಿತ್ತಾ?"

"ಇಲ್ಲ."

"ಮತ್ತೆ ಓಗಿತ್ತು ಅಂತ ಬರ್ದಿದ್ದೀಯ."

"ಅಪ್ಪ, ಇಂಥದ್ರಲ್ಲಿ ಹಿಂಗೇ ಬರೆಯೋದು. ಯಾರೂ ಕೇಳಲ್ಲ."

"ಕೇಳ್ದೆ ಇದ್ರೆ ಸುಳ್ ಬರೀಬೌದಾ? ಕರೆಂಟು ಇತ್ತು. ಆಯುಧಪೂಜೆ ದಿನಾನೂ ಅಲ್ಲಿ ಯಾರೋ ಪಾಳಿ ಮೇಲೆ ಕೂತ್ಕಂಡು ಊರಿಗೆಲ್ಲ ಕೊಟ್ಟವ್ರೆ. ಅವ್ರ ಮ್ಯಾಲೆ ಯಾಕ್ ಆಕ್ತೀಯ? ತೆಗ್ದೋನು ನಾನು. ಅಂಗೇ ಬರಿ."

ನಾನು ಅವನ ಮುಖ ನೋಡಿದೆ. ಅವನು ಲ್ಯಾಪ್‌ಟಾಪ್ ನೋಡುತ್ತಿದ್ದ. ಅವನ ಮರ್ಯಾದೆ ಉಳಿಸಲು ಎಂದು ನಾನು ಬರೆದ ವಾಕ್ಯ ಅದು; ಅವನ ಮರ್ಯಾದೆ ಯಾವುದರಲ್ಲಿದೆ ಎಂಬುದು ಇಷ್ಟು ವರ್ಷ ಅವನ ಜೊತೆ ಬದುಕಿದ ನನಗೇ ಗೊತ್ತಿರಲಿಲ್ಲ. ಅಳಿಸಿದೆ. ಸ್ವಚ್ಛಗೊಳಿಸುವಾಗ ಫ್ರೀಜರಿನ ಪ್ಲಗ್ ತೆಗೆದು ಮತ್ತೆ ಹಾಕದೆ ಇದ್ದುದರಿಂದ ಎಂದು ಬರೆದೆ. ತೆಗೆದವರು ಸಂಶೋಧಕಿಯ ತಂದೆ ಎಂದು ಸೇರಿಸಿದೆ.

"ಓದು" ಅಂದ.

ಓದಿದೆ.

"ಈಗ ಸರಿಯಾಯ್ತು."

ನನ್ನ ಬೆರಳು ಕೀಲಿಗಳ ಮೇಲೇ ಇತ್ತು. "ಅಪ್ಪ, ಆವತ್ತು ನಾನು ನಿಂಗೆ ಅಂದದ್ದು? ಕೈಲಾಗದೋರು ಮನೇಲಿರ್ಬೇಕು ಅಂತ. ಅದನ್ನೂ ಬರೀಬೇಕಲ್ವಾ?" ಏಳು ತಿಂಗಳು ತಡವಾಗಿ ಬಂದ ಕ್ಷಮೆ ಅದು, ಅದೂ ನೆಟ್ಟಗೆ ಬರಲಿಲ್ಲ.

ಅಪ್ಪ ಎದ್ದು ಪಂಚೆ ಕೊಡವಿಕೊಂಡ.

"ಅದು ಮನೆ ಇಸ್ಯ ಕಣವ್ವ. ಅದ್ನ ಎಲ್ಲೂ ಬರೀಬ್ಯಾಡ, ಬುಡು" ಅಂದು, ಒಳಗೆ ಹೋಗಿ, ನನ್ನನ್ನು ಕೇಳದೆ ಫ್ಯಾನು ಹಾಕಿದ.

ಅವನ ಮಾತನ್ನು ಪ್ರಬಂಧದಲ್ಲಿ ಮೀರಲಿಲ್ಲ. ಇಲ್ಲಿ ಮೀರಿದ್ದೇನೆ.